ಹನ್ನೊಂದು ಚೀಟಿ

ಡಾಕ್ಟರ್ ಇರಣ್ಣನ ಮನೆಗೆ ಊಟಕ್ಕೆ ಬಂದವರು, ಅವರು ಯಾರೇ ಆಗಿರಲಿ, ಐರ್ಲೆಂಡಿನ ಚುನಾವಣೆ ನೋಡದೆ ಚಪ್ಪಲಿ ಮೆಟ್ಟುವಂತಿರಲಿಲ್ಲ. ಹೋಳಿಗೆ ಉಂಡು, ಕೈ ತೊಳೆದು, ಅವರು ಸೋಫಾಕ್ಕೆ ಬರುವ ಹೊತ್ತಿಗೆ ಸರಿಯಾಗಿ ಇರಣ್ಣ ಕಪ್ಪು ಫೈಲುಗಳನ್ನು ಎದೆಗವಚಿಕೊಂಡು ಮಹಡಿಯಿಂದ ಇಳಿಯುತ್ತಿದ್ದ. ಟೆಕ್ಸಸ್ಸಿನ ಮೆಕಿನ್ನಿ, ಪ್ಲೇನೋ ಸುತ್ತಮುತ್ತಲಿನ ಕನ್ನಡಿಗರಿಗೆಲ್ಲ ಇದು ಗೊತ್ತಿತ್ತು. ಕೆಲವರು ಮಕ್ಕಳ ಸ್ವಿಮ್ಮಿಂಗ್ ಕ್ಲಾಸಿನ ನೆವ ಹೇಳಿ ಮೊದಲೇ ಪಾರಾಗುತ್ತಿದ್ದರು. ಗೊತ್ತಿಲ್ಲದವರು ಸಿಕ್ಕಿಬೀಳುತ್ತಿದ್ದರು.

ಹುಬ್ಬಳ್ಳಿಯಲ್ಲಿ ಓದಿದ ಇರಣ್ಣ ೧೯೮೪ರಲ್ಲಿ ಐರ್ಲೆಂಡಿನ ಮಲ್ಲಿಂಗಾರ್ ಎಂಬ ಊರಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿ ಹೋಗಿ ಏಳು ವರ್ಷ ಅಲ್ಲಿದ್ದ. ಆಗ ಹಿಡಿದ ಹುಚ್ಚು ಚುನಾವಣೆಯ ಕಾಗದ ಕೂಡಿಡುವುದು. ಕರಪತ್ರ, ಪೋಸ್ಟರು, ತಗಡಿನ ಬ್ಯಾಡ್ಜು, ಅಭ್ಯರ್ಥಿಯ ಹೆಸರು ಅಚ್ಚಾದ ಬಾಚಣಿಗೆ, ಯಾವುದನ್ನೂ ಬಿಟ್ಟವನಲ್ಲ. ಟೆಕ್ಸಸ್ಸಿಗೆ ಬಂದ ಮೇಲೂ ಅಂಚೆಯಲ್ಲಿ ತರಿಸಿ ತರಿಸಿ ಎರಡು ಸಾವಿರ ದಾಟಿಸಿದ್ದ. ಮಡಿಕೆ ಬಿದ್ದ ಕರಪತ್ರದ ಮೇಲೆ ತೆಳು ಧೋತರ ಹಾಸಿ ಹದವಾಗಿ ಇಸ್ತ್ರಿ ಮಾಡುವ ಕೆಲಸ ಹೆಂಡತಿ ಕಾಶವ್ವನದು. ನಲವತ್ತು ವರ್ಷದಿಂದ ಗಂಡನ ಅಂಗಿಯ ಜೊತೆಗೆ ಅವನ ಚುನಾವಣೆಗಳನ್ನೂ ಇಸ್ತ್ರಿ ಮಾಡುತ್ತ ಬಂದಿದ್ದಳು.

ಸಂಗ್ರಹಕ್ಕೆಲ್ಲ ಕಳಶದಂತಿದ್ದವು ಹನ್ನೊಂದು ಚೀಟಿಗಳು. ಅವನ್ನು ಇರಣ್ಣ ಕೊನೆಗೆ ತೆಗೆಯುತ್ತಿದ್ದ.

"ಆ ದೇಶದಾಗ ಎಲೆಕ್ಷನ್‌ಗೆ ನಿಂತಾಂವ ತಾನ ಮನಿಮನಿಗೆ ನಡಕೋತ ಬರತಾನ್ರಿ. ನಮ್ಮಂಗ ಜೀಪ್ ಇಲ್ಲ, ಮೈಕ್ ಇಲ್ಲ. ಬಾಗಲಾ ಬಡೀತಾನ. ಯಾರೂ ತಗೀಲಿಲ್ಲ ಅಂದ್ರ ಕರಪತ್ರದ ಮ್ಯಾಲೆ ತನ್ನ ಕೈಯಾರೆ ಬರೀತಾನ. 'ಬಂದಿದ್ದೆ, ನೀವು ಮನೆಯಲ್ಲಿರಲಿಲ್ಲ, ಕ್ಷಮಿಸಿ.' ಸಹಿ ಹಾಕಿ ಬಾಗಲದಾಗಿನ ಟಪಾಲ ಹಾಕೋ ಸೀಳಿನಾಗ ಒಳಗ ತೂರಿಸಿ ಹೋಗತಾನ. ಇಂಥಾವು ಯಾರೂ ಇಟ್ಟಕೊಳ್ಳಂಗಿಲ್ಲ, ಒಲೀಗೆ ಹಾಕತಾರ. ನನ್ನ ಕಡೆ ಹನ್ನೊಂದು ಅದಾವ."

ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ, ಕನ್ನಡ ಅಂಕಿಯಲ್ಲಿ, ತಾರೀಖು ಇರುತ್ತಿತ್ತು. ಅಚ್ಚುಕಟ್ಟಿನ ಮನುಷ್ಯ ಇರಣ್ಣ.

ಆಗ ಯಾರಾದರೂ ಮಾತಿಗೆಂದು ಕೇಳುವುದಿತ್ತು, "ಅಂದ್ರೆ ಆಂಟಿ, ನೀವು ಮನೇಲಿ ಇರ್ತಾನೇ ಇರ್ಲಿಲ್ವಾ?"

"ಪ್ಯಾಟಿಗೆ ಹೋಗಿರತಿದ್ದೆ," ಎಂದು ಕಾಶವ್ವ ನಕ್ಕು ಎಲೆ ಅಡಿಕೆಯ ತಟ್ಟೆ ಮುಂದೆ ಮಾಡುತ್ತಿದ್ದಳು.

ಸುಳ್ಳು. ಹನ್ನೊಂದು ಸಲವೂ ಅವಳು ಮನೆಯಲ್ಲೇ ಇದ್ದಳು. ಮುಂಬಾಗಿಲಿನ ಎದುರಿನ ಮೆಟ್ಟಿಲ ಮೇಲೆ, ಫ್ರೀಜರಿನ ಬಟಾಣಿ ಪೊಟ್ಟಣವನ್ನು ಕಣ್ಣಿಗೋ ತುಟಿಗೋ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಮುಖ ನೆಟ್ಟಗಿದ್ದ ದಿನ ಬಾಗಿಲು ತೆಗೆದು ಅಭ್ಯರ್ಥಿಗೆ ಚಹಾ ಬೇಕೇ ಎಂದು ಕೇಳಿದ್ದೂ ಉಂಟು. ಆ ದಿನಗಳ ಚೀಟಿಯಿಲ್ಲ. ಮುಖ ತೋರಿಸಲಾಗದ ದಿನಗಳದ್ದು ಮಾತ್ರ ಉಳಿದಿದೆ. ಗಂಡ ಹೊಡೆದ ದಿನಗಳ ಪಟ್ಟಿಯನ್ನು ಗಂಡನೇ ತಾರೀಖು ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಊರವರಿಗೆಲ್ಲ ತೋರಿಸುತ್ತಿದ್ದ. ಅದು ಅವನಿಗೆ ಹೊಳೆದೇ ಇರಲಿಲ್ಲ ಎಂಬುದು ಕಾಶವ್ವನಿಗೆ ಹೊಡೆತಕ್ಕಿಂತ ಹೆಚ್ಚು ನೋಯುತ್ತಿತ್ತು.

ಹೊಡೆತ ನಿಂತದ್ದು ಟೆಕ್ಸಸ್ಸಿಗೆ ಬಂದು ಹತ್ತು ವರ್ಷವಾದ ಮೇಲೆ. ಮಗ ಶ್ರೀಶೈಲನಿಗೆ ಆಗ ಹದಿನೈದು. ಅಡುಗೆಮನೆಯಲ್ಲಿ ಅಪ್ಪ ಎತ್ತಿದ ಕೈಯನ್ನು ಅವನು ಗಾಳಿಯಲ್ಲೇ ಹಿಡಿದ. "ಇನ್ನೊಂದ ಸಲ ಎತ್ತಿದ್ರ ಮುರೀತೀನಿ ಪಪ್ಪಾ," ಎಂದ. ಇರಣ್ಣ ಮಗನ ಎತ್ತರ ನೋಡಿ ಕೈ ಇಳಿಸಿದ. ಆವತ್ತಿನಿಂದ ಶ್ರೀಶೈಲನ ರೊಟ್ಟಿಗೆ ತುಪ್ಪ ಒಂದು ಚಮಚ ಹೆಚ್ಚು. ನನ್ನ ಜನ್ಮಕ್ಕೆ ಈ ಒಂದು ಮಗ ಸಾಕು ಎಂದು ಕಾಶವ್ವ ಇಪ್ಪತ್ತೈದು ವರ್ಷ ಅಂದುಕೊಂಡೇ ಬದುಕಿದಳು.

ಏಪ್ರಿಲ್ ಹದಿನಾಲ್ಕು, ಮಂಗಳವಾರ. ಗಂಡ ಹೆಂಡತಿ ಇಬ್ಬರೂ ಜೋಳದ ಹಿಟ್ಟು, ಬದನೆಕಾಯಿ ತಂದು ಕಾರಿನಿಂದ ಇಳಿದರು. ಮುಂಬಾಗಿಲ ಹಿಡಿಕೆಗೆ ಒಂದು ಚೀಟಿ ನೇತಾಡುತ್ತಿತ್ತು. ಮೇ ಎರಡರ ಶಾಲಾ ಮಂಡಳಿ ಚುನಾವಣೆಗೆ ನಿಂತ ಯಾರೋ ಹೆಂಗಸಿನದು. ಫೋಟೋದ ಕೆಳಗೆ ನೀಲಿ ಶಾಯಿಯ ನಾಲ್ಕು ಸಾಲು. ಬಂದಿದ್ದೆ, ನೀವು ಮನೆಯಲ್ಲಿರಲಿಲ್ಲ, ಶನಿವಾರ ನಾಲ್ಕು ಗಂಟೆಗೆ ಮತ್ತೆ ಬರುತ್ತೇನೆ.

ಎಪ್ಪತ್ತೊಂದರ ಇರಣ್ಣ ಹುಡುಗನ ಹಾಗೆ ಹಿಗ್ಗಿದ. "ಕಾಶವ್ವ, ನೋಡಿಲ್ಲಿ. ಮೂವತ್ತೈದು ವರ್ಷದ ಮ್ಯಾಲೆ ಹನ್ನೆರಡನೇದು ಸಿಕ್ತು. ಅದೂ ಅಮೆರಿಕಾದಾಗ."

ಕಾಶವ್ವ ಚೀಟಿ ನೋಡಲಿಲ್ಲ. ತೆರೆದ ಗ್ಯಾರೇಜಿನಲ್ಲಿ, ಅದೇ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದ ಸೊಸೆ ನೇಹಾಳ ಕಾರು ನಿಂತಿತ್ತು. ಮಂಗಳವಾರ ನೇಹಾ ಮನೆಯಿಂದಲೇ ಕೆಲಸ ಮಾಡುವವಳು. ಹಿಟ್ಟಿನ ಚೀಲವನ್ನು ಅಲ್ಲೇ ಹೊಸ್ತಿಲ ಮೇಲೆ ಇಳಿಸಿ, ಮಂಡಿನೋವನ್ನೂ ಮರೆತು, ಅವಳು ಮಹಡಿ ಹತ್ತಿದಳು.

ನೇಹಾ ಬಚ್ಚಲಿನಲ್ಲಿ ಟಬ್ಬಿನ ಅಂಚಿಗೆ ಕೂತಿದ್ದಳು. ಬಲಗೈ ಮಣಿಕಟ್ಟು ಊದಿತ್ತು. ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು, ಯಾರಾದರೂ ಎಣಿಸಬಹುದಾದಷ್ಟು ಸ್ಪಷ್ಟ.

"ಕಪಾಟದ ಬಾಗಲಾ ಬಡೀತು ಅತ್ತಿ," ಎಂದಳು.

"ನಾನೂ ಹಂಗs ಹೇಳತಿದ್ದೆ. ನಿನಗಿಂತ ಚಂದ ಹೇಳತಿದ್ದೆ." ಕಾಶವ್ವ ಪಕ್ಕದಲ್ಲಿ ಕೂತಳು. "ಬೆಲ್ ಆದದ್ದು ಕೇಳಿಸಲಿಲ್ಲೇನು?"

"ಕೇಳಿಸ್ತು. ತಗೀಬೇಕಂತ ಮೆಟ್ಟಲ ಅರ್ಧ ಇಳದಿದ್ದೆ. ಅಷ್ಟರಾಗ ಬೆಲ್ಲಿನಾಗ ಅವರ ಧ್ವನಿ ಬಂತು. ಆಫೀಸಿನಿಂದ ಫೋನಿನಾಗ ನೋಡಾಕತ್ತಿದ್ರು. 'ಸಾರಿ, ನೋಬಡಿ ಈಸ್ ಹೋಮ್' ಅಂತ ಆಕಿಗೆ ಹೇಳಿದ್ರು. ನಾ ಅಲ್ಲೇ ಮೆಟ್ಟಲ ಮ್ಯಾಲೆ ಕುಂತೆ."

ಬಾಗಿಲ ಬೆಲ್ಲಿಗೆ ಕ್ಯಾಮೆರಾ, ಸ್ಪೀಕರ್ ಹಾಕಿಸಿದ್ದು ಶ್ರೀಶೈಲನೇ. ಯಾರು ಬಂದರು ಎಂದು ಪ್ಲೇನೋದ ಆಫೀಸಿನಲ್ಲಿ ಕೂತು ನೋಡಬಹುದು, ಮಾತಾಡಬಹುದು. ಕಳ್ಳರ ಕಾಟಕ್ಕೆ ಒಳ್ಳೆಯದು ಎಂದಿದ್ದ.

"ಎಷ್ಟ ದಿನದಿಂದ?"

"ಸಂಕ್ರಾಂತಿಯಿಂದ. ಇದು ನಾಕನೇ ಸಲ. ಬೆಳಿಗ್ಗೆ ಅವರ ಲ್ಯಾಪ್‌ಟಾಪ್ ಚಾರ್ಜರ್ ತಗದು ನಂದು ಹಾಕಿದ್ದೆ, ಅಷ್ಟs."

ಕಾರಣ ಕೇಳಲೇಬಾರದು. ಹೊಡೆಯುವವನಿಗೆ ಚಾರ್ಜರೂ ಸಾಕು, ಸಾರಿನ ಉಪ್ಪೂ ಸಾಕು. ಕಾಶವ್ವ ಕೆಳಗೆ ಹೋಗಿ ಫ್ರೀಜರ್ ತೆಗೆದು ಬಟಾಣಿ ಪೊಟ್ಟಣ ತಂದಳು. ಅದನ್ನು ಸೊಸೆಯ ಕೆನ್ನೆಗೆ ಒತ್ತುವಾಗ ಅವಳಿಗೆ ನಾಚಿಕೆಯಾಯಿತು, ಮೈತುಂಬ ನಾಚಿಕೆ. ಇದೇ ಮನೆಯಲ್ಲಿ, ಇದೇ ಮಹಡಿಯ ಮೇಲೆ, ನಾಲ್ಕು ಸಲ ಆಗಿದೆ. ಅವಳು ಕೆಳಗೆ ಕೂತು ಮಗನಿಗೆ ತುಪ್ಪ ಬಡಿಸಿದ್ದಳು.

ಬುಧವಾರ ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ಶ್ರೀಶೈಲ ನೀರು ಕುಡಿಯಲು ಬಂದ. ಕಾಶವ್ವ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನೇಹಾನ್ನ ಹೊಡದಿಯೇನ?"

"ನಿನಗ ಯಾರ ಹೇಳಿದ್ರು?"

"ನಲವತ್ತ ವರ್ಷದ ಅನುಭವ ಹೇಳ್ತು."

"ಅವ್ವಾ, ನೀ ನಡುವ ಬರಬ್ಯಾಡ. ಆಕಿ ಮಾತ ಮಾತಿಗೆ ಕೆಣಕತಾಳ. ನನ್ನ ಆಫೀಸಿನ ಟೆನ್ಷನ್ ನಿನಗ ತಿಳ್ಯಾಂಗಿಲ್ಲ."

"ನಿಮ್ಮಪ್ಪನ ಕೈ ಹಿಡದಿದ್ದೆಲ್ಲ, ನೆನಪ ಐತೇನು?"

"ಅದು ಬ್ಯಾರೆ. ಪಪ್ಪಾ ಹೊಡೀತಿದ್ದ."

"ನೀ ಏನ ಮಾಡಾಕತ್ತಿ?"

ಅವನು ಗ್ಲಾಸನ್ನು ಸಿಂಕಿಗೆ ಎಸೆದ. ಅದು ಒಡೆಯಲಿಲ್ಲ, ಸ್ಟೀಲಿನದು. ಸದ್ದು ಮಾತ್ರ ಮನೆಯೆಲ್ಲ ತುಂಬಿತು. ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಕಪ್ಪಾಯಿತು, ಕಾಶವ್ವ ಅದನ್ನು ತಾನೇ ತಿಂದಳು.

ಗುರುವಾರದ ಊಟಕ್ಕೆ ಐವರೂ ಕೂತಿದ್ದರು. ಮೊಮ್ಮಗಳು ಸಾನ್ವಿಗೆ ಹನ್ನೆರಡು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಈಚೆಗೆ ಊಟಕ್ಕೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕೂರುತ್ತಿದ್ದಳು. ಯಾಕೆ ಎಂದು ಕಾಶವ್ವನಿಗೆ ಈಗ ಅರ್ಥವಾಯಿತು.

"ನಾಳೆ ಡಾಕ್ಟರ್ ಕಡೆ ಹೋಗಿ ಬರತೀನಿ," ಎಂದಳು ನೇಹಾ, ಎಡಗೈಯಲ್ಲಿ ಚಮಚ ಹಿಡಿದು. "ಕೈ ಎತ್ತಾಕ ಬರವಲ್ದು."

"ಏನಂತ ಹೇಳಾಕಿ ಅಲ್ಲಿ?" ಶ್ರೀಶೈಲ ಕೇಳಿದ.

"ಏನಾಗೇತಿ ಅದನ್ನ."

ತಾಟು ಹಾರಿತು. ನೇಹಾಳ ಕಿವಿ ಸವರಿ ಹೋಗಿ ಗೋಡೆಗೆ ಬಡಿದು ಮೂರು ಹೋಳಾಯಿತು. ಸಾರು, ಅನ್ನ ಗೋಡೆಗುಂಟ ಇಳಿಯಿತು. ನೇಹಾಳ ಕಿವಿಯ ಹಿಂದಿನಿಂದ ರಕ್ತ ಕುತ್ತಿಗೆಗೆ ಬಂತು. ಸಾನ್ವಿ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ತಾಟ ಯಾಕ ಒಡೀತಿಯೋ," ಎಂದ ಇರಣ್ಣ. "ಹೊಸಾ ಸೆಟ್ ಅದು."

ಅಷ್ಟೇ ಅವನು ಆಡಿದ ಮಾತು. ಆಮೇಲೆ ಮೊಸರು ಕೇಳಿದ. ಕಾಶವ್ವ ಮೊಸರು ಹಾಕಲಿಲ್ಲ. ನೇಹಾಳ ಜೊತೆ ನೆಲಕ್ಕೆ ಕೂತು ಚೂರು ಆರಿಸಿದಳು. ಮೊಸರಿನ ಪಾತ್ರೆ ಇರಣ್ಣನ ಕೈಗೆ ಎಟಕುವಷ್ಟು ದೂರದಲ್ಲೇ ಇತ್ತು, ಅವನು ಕೊನೆಗೂ ಎದ್ದು ತೆಗೆದುಕೊಳ್ಳಲಿಲ್ಲ.

ನೇಹಾ ಶುಕ್ರವಾರ ಡಾಕ್ಟರ ಕಡೆ ಹೋಗಲಿಲ್ಲ. ಕಾರಿನ ಕೀ ಶ್ರೀಶೈಲನ ಜೇಬಿನಲ್ಲಿತ್ತು.

ಶನಿವಾರಕ್ಕೆ ಇರಣ್ಣನಿಗೆ ದೊಡ್ಡ ಕೆಲಸವಿತ್ತು. ಆಸ್ಟಿನ್ ಬಳಿಯ ಲಿಯಾಂಡರ್ ಊರಿನ ರಾಜಗೋಪಾಲ ಎಂಬುವರು ಕರ್ನಾಟಕದ ಹಳೆಯ ಚುನಾವಣಾ ಬ್ಯಾಡ್ಜುಗಳನ್ನು ಕೂಡಿಸುವವರು, ಆಸ್ಟಿನ್ನಿನ ಒಂದು ಗ್ರಂಥಾಲಯದಲ್ಲಿ ಪ್ರದರ್ಶನ ಏರ್ಪಡಿಸಿದ್ದರು. ಇರಣ್ಣನ ಹನ್ನೊಂದು ಚೀಟಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆಂದು, ಶನಿವಾರ ಊಟಕ್ಕೆ ಬಂದು ಒಯ್ಯುತ್ತೇನೆಂದು ಹೇಳಿದ್ದರು.

"ಹನ್ನೆರಡೂ ಕೊಡೂಣು," ಎಂದ ಇರಣ್ಣ. "ಇಸ್ತ್ರಿ ಮಾಡಿ ಹೊಸಾ ಪ್ಲಾಸ್ಟಿಕ್‌ನಾಗ ಹಾಕಿಡು. ಕೈ ತೊಳಕೊಂಡು ಮುಟ್ಟು."

ಶುಕ್ರವಾರ ಮಧ್ಯಾಹ್ನ ಅವನು ಕ್ಷೌರಕ್ಕೆ ಹೋದ. ಕಾಶವ್ವ ಮೊದಲು ಟೆಕ್ಸಸ್ಸಿನದೇ ಸೈಪ್ರೆಸ್ ಎಂಬ ಊರಿನಲ್ಲಿರುವ ತಂಗಿ ವಿಜಯಾಗೆ ಫೋನ್ ಮಾಡಿದಳು.

"ಮೂರು ಮಂದಿ ಬಂದ್ರ ನಿನ್ನ ಮನ್ಯಾಗ ಜಾಗ ಐತೇನ?"

"ಮತ್ತ ಸುರು ಮಾಡ್ಯಾನೇನ ಅಕ್ಕಾ, ಮಾವ?"

"ಇಲ್ಲ. ಶ್ರೀಶೈಲ."

"ನಮ್ಮ ಶ್ರೀಶೈಲನ? ಜಾಗ ಐತಿ. ಬರ್ರಿ."

ಆಮೇಲೆ ಕಾಶವ್ವ ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟು ಧೋತರ ಹಾಸಿದಳು. ಒಂದೊಂದೇ ಚೀಟಿ ಇಸ್ತ್ರಿ ಮಾಡಿ, ಮಗುಚಿ ಹಾಕಿ, ಸಾನ್ವಿಯ ಕಪ್ಪು ಪೆನ್ನು ತೆಗೆದುಕೊಂಡು ಗಂಡನ ತಾರೀಖಿನ ಕೆಳಗೆ ಬರೆದಳು. ಏಳನೇ ಇಯತ್ತೆಯ ತನಕ ಗದಗಿನಲ್ಲಿ ಓದಿದ ದುಂಡು ಅಕ್ಷರ. ಎಲ್ಲವೂ ನೆನಪಿತ್ತು. ಯೋಚಿಸಲು ಒಮ್ಮೆಯೂ ಕೈ ನಿಲ್ಲಿಸಬೇಕಾಗಲಿಲ್ಲ. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಫೈಲು ಮುಚ್ಚಿ, ಬದನೆಕಾಯಿ ಸೀಳಲು ಕೂತಳು. ಭಯವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮೆಟ್ಟಿಲ ಮೇಲೆ ಕೂರುವ ಭಯಕ್ಕಿಂತ ಇದು ಮೇಲು ಅನ್ನಿಸಿತು.

ಶನಿವಾರ ಹನ್ನೆರಡೂವರೆಗೆ ರಾಜಗೋಪಾಲ ಬಂದರು. ಅರವತ್ತರ ಮೈಸೂರಿನವರು, ಮೆತ್ತಗಿನ ಮಾತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ ಎಲ್ಲವನ್ನೂ ಹೊಗಳಿ ಹೊಗಳಿ ಉಂಡರು. ನೇಹಾ ಉದ್ದ ತೋಳಿನ ಕುರ್ತಾ ಹಾಕಿ, ಕೆನ್ನೆಗೆ ಬಣ್ಣ ಮೆತ್ತಿ, ಎಡಗೈಯಲ್ಲಿ ಬಡಿಸಿದಳು. ಶ್ರೀಶೈಲ ಅತಿಥಿಗೆ ಷೇರು ಪೇಟೆಯ ವಿಷಯ ಹೇಳಿದ. ಹೊರಗಿನಿಂದ ನೋಡಿದರೆ ಎಂಥ ಚೆಂದದ ಮನೆ. ಎಲ್ಲ ಮುಗಿದು ಫೈಲು ಮೇಜಿಗೆ ಬರುವ ಹೊತ್ತಿಗೆ ಮೂರೂವರೆ.

"ನಾಕಕ್ಕ ಆ ಹೆಣ್ಣಮಗಳು ಬರತಾಳ," ಎಂದ ಇರಣ್ಣ. "ಹನ್ನೆರಡನೇದರ ಮ್ಯಾಲೆ ಆಕಿ ಸಹಿ ತಗೊಂಡು ಕೊಡತೀನಿ ನಿಮಗ."

ರಾಜಗೋಪಾಲ ಮೊದಲನೆಯ ಚೀಟಿಯನ್ನು ಬೆಳಕಿಗೆ ಹಿಡಿದು ಮೆಚ್ಚಿ, ಮಗುಚಿದರು. "ಹಿಂದ್ಗಡೆ ಏನೋ ಕನ್ನಡದಲ್ಲಿ ಬರೆದಿದೆಯಲ್ಲ ಸಾರ್? ನನ್ನ ಕನ್ನಡಕ ಕಾರಲ್ಲೇ ಬಿಟ್ಟೆ."

"ಅದು ತಾರೀಖು. ಕನ್ನಡ ಅಂಕಿ." ಇರಣ್ಣನಿಗೆ ಮೊಮ್ಮಗಳನ್ನು ಮೆರೆಸುವ ಆಸೆ. "ಸಾನ್ವಿ, ಬಾ ಇಲ್ಲೆ, ಓದು. ರವಿವಾರ ಕನ್ನಡ ಕ್ಲಾಸಿಗೆ ಹೊಕ್ಕಾಳ್ರಿ, ಎಲ್ಲಾ ಕೂಡಿಸಿ ಓದತಾಳ."

ಸಾನ್ವಿ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ಬಂದು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"೧೯೮೫ ಜೂನ್ ೧೧. ಅನ್ನ ತಳ ಹಿಡಿದಿತ್ತು. ಎಡಗಣ್ಣು. ನಾನು ಮನೆಯಲ್ಲಿದ್ದೆ."

"ಏನ ಓದಾಕತ್ತಿ? ಸರಿಯಾಗಿ ಓದು," ಎಂದ ಇರಣ್ಣ, ಇನ್ನೂ ನಗುತ್ತ.

"ಇಟ್ಸ್ ರಿಟನ್ ಹಿಯರ್, ಅಜ್ಜಾ." ಅವಳು ಮುಂದಿನದನ್ನು ತೆಗೆದಳು. "೧೯೮೭ ಫೆಬ್ರವರಿ ೫. ತವರಿಗೆ ಕಾಗದ ಬರೆದಿದ್ದೆ. ಕೆಳತುಟಿ. ಎರಡು ಹೊಲಿಗೆ, ಅವರೇ ಹಾಕಿದರು. ನಾನು ಮನೆಯಲ್ಲಿದ್ದೆ."

ಅರ್ಥವಾಗುತ್ತ ಹೋದಂತೆ ಸಾನ್ವಿಯ ಓದು ನಿಧಾನವಾಯಿತು, ನಿಲ್ಲಲಿಲ್ಲ.

"೧೯೮೯ ಜೂನ್ ೨. ಕಾರಣ ಇಲ್ಲ. ಬೆನ್ನು. ಶ್ರೀಶೈಲ ನನ್ನ ಸೆರಗು ಹಿಡಿದು ಅಳುತ್ತಿದ್ದ. ನಾವಿಬ್ಬರೂ ಮನೆಯಲ್ಲಿದ್ದೆವು."

ಇರಣ್ಣ ಫೈಲಿಗೆ ಕೈ ಹಾಕಿದ. ಅಷ್ಟರಲ್ಲಿ ಸಾನ್ವಿ ಕೊನೆಯದನ್ನು, ಹೊಸದನ್ನು, ಎಳೆದುಕೊಂಡಿದ್ದಳು.

"೨೦೨೬ ಏಪ್ರಿಲ್ ೧೪. ಹೊಡೆದವನು ಶ್ರೀಶೈಲ. ಮಣಿಕಟ್ಟು, ಕೆನ್ನೆ. ನೇಹಾ..." ಅವಳು ತಲೆಯೆತ್ತಿ ತಾಯಿಯ ಉದ್ದ ತೋಳು ನೋಡಿದಳು. "ನೇಹಾ ಮನೆಯಲ್ಲಿದ್ದಳು."

ರಾಜಗೋಪಾಲ ಎದ್ದರು. "ಲಿಯಾಂಡರ್ ತನಕ ಹೋಗ್ಬೇಕು ನೋಡಿ ಡಾಕ್ಟ್ರೇ. ಈಗ ಹೊರಟ್ರೆ ಟ್ರಾಫಿಕ್ ಇರಲ್ಲ. ಚೀಟಿ ಆಮೇಲೆ, ಆಮೇಲೆ ನೋಡೋಣ." ಒಂದು ಬೂಟಿನ ಹಿಮ್ಮಡಿ ಮಡಿಸಿಕೊಂಡೇ ಓಡಿದರು. ಒಳ್ಳೆಯ ಮನುಷ್ಯರು, ಊಟಕ್ಕೆ ಮಾತ್ರ ನಿಲ್ಲುವಷ್ಟು ಒಳ್ಳೆಯವರು. ಅವರ ಕಾರು ತಿರುವು ದಾಟಿದ್ದನ್ನು ಇರಣ್ಣ ಕಿಟಕಿಯಿಂದ ನೋಡಿ, ಪರದೆ ಎಳೆದು ಬಂದ.

"ಪೆನ್ನಿಲೆ ಬರದೀ," ಎಂದ ಇರಣ್ಣ. "ಶಾಯಿಲೆ. ಅಳಸಾಕ ಬರಲಾರದಂಗ. ನನ್ನ ನಲವತ್ತ ವರ್ಷ ಹಾಳ ಮಾಡಿದಿ."

"ನನ್ನ ನಲವತ್ತ ವರ್ಷ ಬರದೀನಿ, ಅಷ್ಟs."

ಅವನು ಫೈಲನ್ನು ಎತ್ತಿ ಬೀಸಿದ. ಅದರ ತಗಡಿನ ಮೂಲೆ ಕಾಶವ್ವನ ಬಾಯಿಗೆ ಬಡಿಯಿತು. ಒಂದು ಹಲ್ಲು ಅಲ್ಲಾಡಿತು, ತುಟಿ ಸೀಳಿತು, ಹಳೆಯ ಹೊಲಿಗೆಯ ಜಾಗದಲ್ಲೇ. ಅವಳು ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು. ಚೀಟಿಗಳು ನೆಲಕ್ಕೆ ಚೆಲ್ಲಿದವು. ಅವನು ಮತ್ತೆ ಕೈ ಎತ್ತಿದ.

ಬಿದ್ದಲ್ಲಿಂದಲೇ ಕಾಶವ್ವ ಮಗನ ಕಡೆ ನೋಡಿದಳು. ಇಷ್ಟೆಲ್ಲ ಆದ ಮೇಲೂ ನೋಡಿದಳು, ಅವಳ ಹಣೆಬರಹ. ಇಪ್ಪತ್ತೈದು ವರ್ಷದ ಹಿಂದೆ ಆ ಕೈ ಹಿಡಿದವನು ಮೂರು ಹೆಜ್ಜೆ ದೂರದಲ್ಲಿದ್ದ. ಶ್ರೀಶೈಲ ಹೆಜ್ಜೆ ಇಟ್ಟ. ಅವಳನ್ನು ದಾಟಿ ಹೋದ.

"ಅವ್ವಗ ನೀ ಹೇಳಿದೇನ?" ಎಂದು ನೇಹಾಳ ಊದಿದ ಮಣಿಕಟ್ಟನ್ನೇ ಹಿಡಿದು ತಿರುವಿದ. ನೇಹಾ ಚೀರಿದಳು. ಅವನು ಅವಳನ್ನು ಫ್ರಿಜ್ಜಿಗೆ ನೂಕಿದ. ತಲೆ ಬಡಿದ ಸದ್ದು ಬಂತು, ಮೇಲಿದ್ದ ಡಬ್ಬಿಗಳು ಉರುಳಿದವು. ಸಾನ್ವಿ ಹಿಂದಿನಿಂದ ಅಪ್ಪನ ತೋಳಿಗೆ ಜೋತುಬಿದ್ದು ಕಚ್ಚಿದಳು. ಅವನು ಕೊಡವಿದ ರಭಸಕ್ಕೆ ಹುಡುಗಿ ಮೇಜಿನ ಕಾಲಿಗೆ ಹೋಗಿ ಬಿದ್ದಳು. ಎದ್ದು ಮತ್ತೆ ಹೋದಳು.

ಇರಣ್ಣನ ಎತ್ತಿದ ಕೈ ಮತ್ತೆ ಬೀಳಲಿಲ್ಲ. ಅವನು ನೆಲಕ್ಕೆ ಮಂಡಿಯೂರಿ, ಹೆಂಡತಿಯ ರಕ್ತದ ಹನಿ ಬೀಳದ ಹಾಗೆ ಚೀಟಿಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದ.

ಆಗ ಬೆಲ್ಲಾಯಿತು.

ಗೋಡೆಯ ಗಡಿಯಾರದಲ್ಲಿ ನಾಲ್ಕು. ಶ್ರೀಶೈಲ ಒಂದು ಕೈಯಲ್ಲಿ ನೇಹಾಳ ಕೂದಲು ಬಿಡದೆ, ಇನ್ನೊಂದು ಕೈಯಿಂದ ಜೇಬಿನ ಫೋನ್ ತೆಗೆದ. ಉಸಿರು ಸರಿಮಾಡಿಕೊಂಡ.

"ಬಾಗಲಾ ತಗೀಬ್ಯಾಡ," ಎಂದು ಇರಣ್ಣ ಪಿಸುಗುಟ್ಟಿದ. ಕಾಶವ್ವ ಗೋಡೆ ಹಿಡಿದು ಎದ್ದಿದ್ದಳು. "ಆ ಮಾರಿ ತಗೊಂಡು ಎಲ್ಲಿ ಹೊಂಟಿ? ಮಾನಾ ಮರ್ಯಾದಿ ಐತೇನು?"

ಅವನು ಅವಳ ಸೆರಗು ಹಿಡಿದ. ಅವಳು ನಿಲ್ಲಲಿಲ್ಲ. ಪಿನ್ನು ಹಾಕಿದ ಜಾಗದಲ್ಲಿ ಸೀರೆ ಪರ್ ಎಂದು ಹರಿದು, ತುಂಡು ಅವನ ಕೈಯಲ್ಲೇ ಉಳಿಯಿತು. ಮಹಡಿಯ ಮೆಟ್ಟಿಲು ದಾಟಿ ಅವಳು ಬಾಗಿಲಿಗೆ ಬಂದಳು. ಎರಡು ದೇಶಗಳಲ್ಲಿ, ವರ್ಷಗಟ್ಟಲೆ, ಅವಳು ಬಾಗಿಲ ಈ ಬದಿಯಲ್ಲಿ ಉಸಿರು ಹಿಡಿದು ಕೂತಿದ್ದಳು. ಈಗ ಚಿಲಕ ಸರಿಸಿದಳು.

ಹೊರಗೆ ಬಿಸಿಲು. ಹುಲ್ಲಿನ ಟೋಪಿ, ಟೆನಿಸ್ ಬೂಟು ಹಾಕಿದ ಐವತ್ತು ದಾಟಿದ ಹೆಂಗಸು ಚೀಟಿಗಳ ಕಟ್ಟು ಹಿಡಿದು ನಿಂತಿದ್ದಳು. ಬೆಲ್ಲಿನ ಸ್ಪೀಕರಿನಿಂದ ಶ್ರೀಶೈಲನ ಧ್ವನಿ ಬರುತ್ತಿತ್ತು, ನಯವಾಗಿ, ಆಫೀಸಿನ ಇಂಗ್ಲಿಷಿನಲ್ಲಿ.

"ಸಾರಿ, ನೋಬಡಿ ಈಸ್ ಹೋಮ್."

ಆ ಹೆಂಗಸು ಆಗಲೇ ಒಂದು ಚೀಟಿಯನ್ನು ಅಂಗೈ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಬರೆಯಲು ಶುರು ಮಾಡಿದ್ದಳು. ಬಾಗಿಲು ತೆರೆದ ಸದ್ದಿಗೆ ತಲೆಯೆತ್ತಿ, ಕಾಶವ್ವನ ಬಾಯಿ, ಗದ್ದ, ರವಿಕೆಯ ಮೇಲಿನ ರಕ್ತ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಹೋದಳು.

"ಅದನ್ನು ಬರೆಯಬೇಡಿ," ಎಂದಳು ಕಾಶವ್ವ, ಮಲ್ಲಿಂಗಾರಿನಲ್ಲಿ ಕಲಿತ ತನ್ನ ಇಂಗ್ಲಿಷಿನಲ್ಲಿ, ಒಡೆದ ತುಟಿಯಿಂದ, ಒಂದೊಂದೇ ಶಬ್ದ ಬಿಡಿಸಿ. "ನಾವು ಮನೆಯಲ್ಲಿದ್ದೇವೆ. ನಾನು, ನನ್ನ ಸೊಸೆ, ನನ್ನ ಮೊಮ್ಮಗಳು. ಪೊಲೀಸರಿಗೆ ಫೋನ್ ಮಾಡಿ."

ಒಳಗಿನಿಂದ ನೇಹಾ ಕೂಗಿದಳು. ಆ ಹೆಂಗಸು ಚೀಟಿಗಳ ಕಟ್ಟನ್ನು ಮೆಟ್ಟಿಲ ಮೇಲೆ ಇಳಿಸಿ ಫೋನ್ ತೆಗೆದಳು. ಪೊಲೀಸ್ ಕಾರು ಬರುವ ತನಕ ಕಾಶವ್ವ ಬಾಗಿಲನ್ನು ಬೆನ್ನಿನಿಂದ ಒತ್ತಿ, ಪೂರ್ತಿ ತೆರೆದು ಹಿಡಿದು ನಿಂತಿದ್ದಳು.